ಸೆನ್ಸರ್ ಷಡ್ಡಕ

ನನ್ನ ಷಡ್ಡಕನ ಮನೆಯಲ್ಲಿ ಅತಿಥಿಗಳು ಸ್ವಿಚ್ ಮುಟ್ಟಿದರೆ ಮನೆ ಯಜಮಾನನಿಗೆ ಅವಮಾನ. ಕೈ ಗೋಡೆಯ ಕಡೆ ಹೋಗುವುದೇ ತಡ, "ಬೇಡ ಭಾವ, ಸುಮ್ಮನೆ ಒಳಗೆ ಹೋಗಿ, ತಾನೇ ಹತ್ತುತ್ತೆ" ಅನ್ನುತ್ತಾನೆ. ಒಳಗೆ ಹೋಗುತ್ತೇನೆ. ಹತ್ತುವುದಿಲ್ಲ. "ಒಂಚೂರು ಕೈ ಆಡಿಸಿ" ಎಂದು ಹೊರಗಿನಿಂದ ಅಪ್ಪಣೆಯಾಗುತ್ತದೆ. ಕತ್ತಲ ಬಚ್ಚಲುಮನೆಯಲ್ಲಿ ಪಂಚೆ ಎತ್ತಿಕಟ್ಟಿಕೊಂಡು, ಕಾಣದ ಯಾರಿಗೋ ಟಾಟಾ ಮಾಡುತ್ತಾ ನಿಲ್ಲುವ ನಿವೃತ್ತ ಮೇಷ್ಟರನ್ನು ಊಹಿಸಿಕೊಳ್ಳಿ. ಅದು ನಾನು.

ಈ ತಳಿಯವರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಶನಿವಾರ ಮಧ್ಯಾಹ್ನ ಗುಂಪುಗುಂಪಾಗಿ ಕಾಣಸಿಗುತ್ತಾರೆ. ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಚೀಟಿ. ಹತ್ತು ರೂಪಾಯಿಯ ಬಿಡಿಭಾಗಕ್ಕಾಗಿ ನೂರು ರೂಪಾಯಿ ಪೆಟ್ರೋಲು ಸುಟ್ಟು ಬಂದಿರುತ್ತಾರೆ. ಮನೆಗೆ ಹೋದರೆ ಊಟದ ಮೇಜಿನ ಅರ್ಧಭಾಗ ಅವರದು; ಸಾಂಬಾರಿನ ವಾಸನೆಯೂ ಸಾಲ್ಡರಿಂಗ್ ಹೊಗೆಯೂ ಒಟ್ಟಿಗೇ ಮೇಲೇಳುತ್ತವೆ. ಮದುವೆ ಮನೆಯಲ್ಲಿ ಸಿಕ್ಕರೆ ಕುಶಲ ವಿಚಾರಿಸುವ ಮೊದಲು ಮೊಬೈಲು ತೆಗೆದು, ಊರಲ್ಲಿರುವ ತಮ್ಮ ಮನೆಯ ಫ್ಯಾನನ್ನು ಅಲ್ಲಿಂದಲೇ ತಿರುಗಿಸಿ ತೋರಿಸುತ್ತಾರೆ. ಖಾಲಿ ಮನೆಯಲ್ಲಿ ಫ್ಯಾನು ಯಾಕೆ ತಿರುಗಬೇಕು ಎಂದು ನೀವು ಕೇಳಕೂಡದು.

ಇವೆಲ್ಲವನ್ನೂ ನಾನು ಸಹಿಸಿಕೊಂಡೆ. ಟೀವಿಯ ವಿಷಯ ಮಾತ್ರ ಬೇರೆ.

"ಮನುಷ್ಯ ಬಂದ, ಟೀವಿ ಆನ್. ಎದ್ದು ಹೋದ, ಆಫ್. ಅಷ್ಟೇ ಭಾವ" ಎಂದು ಅವನು ಶುರು ಮಾಡಿದ. ಅವನು 'ಅಷ್ಟೇ' ಅಂದನೆಂದರೆ ನನ್ನ ನಾದಿನಿ ಮುಂದಿನ ಭಾನುವಾರಗಳ ಆಸೆಯನ್ನೇ ಬಿಟ್ಟುಬಿಡುತ್ತಾಳೆ. ಪಿಐಆರ್ ಎಂಬ ಸೆನ್ಸರ್ ತಂದ. ಅರ್ಧ ಪಿಂಗ್‌ಪಾಂಗ್ ಚೆಂಡಿನಂಥ ಬಿಳಿ ಗುಮ್ಮಟ, ಹಿಂದೆ ಎರಡು ಪುಟ್ಟ ತಿರುಪು: ಒಂದು ಎಷ್ಟು ದೂರ ನೋಡಬೇಕು ಅನ್ನುವುದಕ್ಕೆ, ಇನ್ನೊಂದು ಎಷ್ಟು ಹೊತ್ತು ಕಾಯಬೇಕು ಅನ್ನುವುದಕ್ಕೆ. ಮೈಶಾಖದಿಂದ ಹೊರಡುವ ಅವಕೆಂಪು ಕಿರಣ ಅದರ ಮುಂದೆ ಅತ್ತಿಂದಿತ್ತ ಸರಿದರೆ ಅದಕ್ಕೆ ತಿಳಿಯುತ್ತದೆ. ತಿಳಿದ ಕೂಡಲೇ ಪಕ್ಕದಲ್ಲಿರುವ ಪುಟ್ಟ ಎಲ್‌ಇಡಿ, ಟೀವಿಗೆ ರಿಮೋಟಿನ ಭಾಷೆಯಲ್ಲೇ ಆಜ್ಞೆ ಹೊರಡಿಸುತ್ತದೆ. ಆ ಎಲ್‌ಇಡಿ ಸೆಕೆಂಡಿಗೆ 38,000 ಸಲ ಮಿನುಗುವುದು ನಮ್ಮ ಕಣ್ಣಿಗೆ ಕಾಣದು. ಮೊಬೈಲ್ ಕ್ಯಾಮೆರಾ ಹಿಡಿದರೆ ನಸುನೇರಳೆಯಾಗಿ ಕಾಣುತ್ತದೆ. ಅದನ್ನು ನನಗೆ ತೋರಿಸಿದಾಗ ಅವನ ಮುಖದಲ್ಲಿದ್ದ ಖುಷಿ ನೋಡಿ ನಾನೂ ಒಂದು ಗಳಿಗೆ ಮರುಳಾದದ್ದು ನಿಜ.

ಗೋಡೆಯ ಮೇಲೆ ವೈರು ನೇತಾಡಕೂಡದು ಎಂದು ನಾದಿನಿ ಪಟ್ಟು ಹಿಡಿದದ್ದರಿಂದ ಎಲ್ಲವನ್ನೂ ಶೋಕೇಸಿನ ಗಾಜಿನ ಹಿಂದೆ, ಚನ್ನಪಟ್ಟಣದ ಗೊಂಬೆಗಳ ನಡುವೆ ಕೂರಿಸಿದ. ಎಲ್‌ಇಡಿಯ ಆಜ್ಞೆ ಗಾಜು ದಾಟಿ ಟೀವಿಗೆ ಮುಟ್ಟುತ್ತಿತ್ತು. ಸೆನ್ಸರಿಗೆ ಮಾತ್ರ ನಾವು ಯಾರೂ ಕಾಣಲಿಲ್ಲ. ರಿಮೋಟಿನ ಕಿರಣದ ತರಂಗದೂರ 940 ನ್ಯಾನೋಮೀಟರಿನ ಆಸುಪಾಸಂತೆ. ಮೈಶಾಖದ್ದು ಅದರ ಹತ್ತು ಪಟ್ಟು ಉದ್ದ, ಸುಮಾರು ಹತ್ತು ಮೈಕ್ರೋಮೀಟರ್. ಮೊದಲನೆಯದನ್ನು ಗಾಜು ಬಿಡುತ್ತದೆ, ಎರಡನೆಯದನ್ನು ತಡೆಯುತ್ತದೆ. ಗೊಂಬೆಗಳು ಅಟ್ಟ ಸೇರಿದವು, ಶೋಕೇಸಿನ ಗಾಜು ಬಿಚ್ಚಿತು, ನಾದಿನಿ ಮಾತು ಬಿಟ್ಟಳು.

ನಿಜವಾದ ತೊಡಕು ಇನ್ನೂ ಮುಂದಿತ್ತು. ಅವರ ಮನೆಯ ರಿಮೋಟಿನ ಕೆಂಪು ಗುಂಡಿಗೆ ಹತ್ತಿಸುವುದಕ್ಕೂ ಆರಿಸುವುದಕ್ಕೂ ಒಂದೇ ಸಂಕೇತ. ಹೇಳಿದ್ದು ಕೇಳಿಸಿತೋ ಇಲ್ಲವೋ ಎಂದು ಟೀವಿ ಮರುನುಡಿಯುವುದೂ ಇಲ್ಲ. ಹಾಗಾಗಿ ಟೀವಿ ಈಗ ಹತ್ತಿದೆಯೋ ಆರಿದೆಯೋ ಎನ್ನುವುದು ಷಡ್ಡಕನ ಯಂತ್ರದ ಪಾಲಿಗೆ ಬರೀ ಅಂದಾಜು. ಅಂದಾಜು ಒಂದು ಸಲ ತಪ್ಪಿತೋ, ಲೋಕವೇ ತಲೆಕೆಳಗು: ಜನ ಬಂದರೆ ಟೀವಿ ಆರುತ್ತದೆ; ಎಲ್ಲರೂ ಮಲಗಿದ ಮೇಲೆ ಹತ್ತಿಕೊಂಡು ಖಾಲಿ ಸೋಫಾಕ್ಕೆ ವಾರ್ತೆ ಓದುತ್ತದೆ. ಸೆಟ್‌ಟಾಪ್ ಬಾಕ್ಸಿನದು ಬೇರೆಯೇ ಸಂಸಾರ. ಟೀವಿ ಎದ್ದರೆ ಅದು ಮಲಗಿರುತ್ತದೆ. ನಾದಿನಿ ಇದಕ್ಕೆಲ್ಲ ತನ್ನದೇ ಪರಿಹಾರ ಮಾಡಿಕೊಂಡಿದ್ದಳು. ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚದ ಅಸಲಿ ರಿಮೋಟನ್ನು ಅಡುಗೆಮನೆಯ ಮೆಂತ್ಯದ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು.

2024ರ ಜೂನ್ 29ರ ರಾತ್ರಿಯನ್ನು ಇಡೀ ದೇಶ ನೆನಪಿಟ್ಟುಕೊಂಡಿದೆ. ನಾನೂ ಇಟ್ಟುಕೊಂಡಿದ್ದೇನೆ, ಕಾರಣ ಬೇರೆ. ಬಾರ್ಬಡೋಸಿನಲ್ಲಿ ಟಿ20 ವಿಶ್ವಕಪ್ ಫೈನಲ್. ನಾವೆಲ್ಲ ಷಡ್ಡಕನ ಮನೆಯಲ್ಲಿ. ಎದುರಾಳಿ ತಂಡದ ಕ್ಲಾಸೆನ್ ಔಟಾದ ಗಳಿಗೆಯಲ್ಲಿ ಯಾರು ಹೇಗೆ ಕೂತಿದ್ದರೋ ಹಾಗೇ ಕೂತಿರಬೇಕೆಂದು ನನ್ನ ಹೆಂಡತಿ ಕಟ್ಟಪ್ಪಣೆ ಮಾಡಿದಳು. ಕ್ರಿಕೆಟ್ಟಿನಲ್ಲಿ ಈ ಶಾಸ್ತ್ರ ಮೀರಿ ಸೋಲಿನ ಪಾಪ ಹೊರಲು ಯಾರೂ ತಯಾರಿರುವುದಿಲ್ಲ. ನನ್ನ ಒಂದು ಕಾಲು ಸೋಫಾದ ಮೇಲಿತ್ತು, ಅದು ಅಲ್ಲೇ ಜೋಮು ಹಿಡಿಯಿತು. ಬುಮ್ರಾ ಯಾನ್ಸೆನ್‌ನನ್ನು ಬೌಲ್ಡ್ ಮಾಡಿದಾಗ ಎಲ್ಲರೂ ಎಗರಿ, ಮತ್ತೆ ಅದದೇ ಭಂಗಿಗೆ ಇಳಿದೆವು. ಅರ್ಷದೀಪನ ಓವರು ರೆಪ್ಪೆ ಬಡಿಯದೆ ಮುಗಿಯಿತು. ಈ ನಡುವೆ ಒಂದು ಸಂಗತಿ ಯಾರಿಗೂ ಹೊಳೆದಿರಲಿಲ್ಲ. ರಾತ್ರಿ ಬೆಕ್ಕು ಓಡಾಡಿದರೂ ಟೀವಿ ಹತ್ತುತ್ತದೆಂದು ಷಡ್ಡಕ ಆ ವಾರವಷ್ಟೇ ದೂರದ ತಿರುಪನ್ನು ಇಳಿಸಿದ್ದ. ಐದು ನಿಮಿಷ ಅಲ್ಲಾಟ ಕಾಣದಿದ್ದರೆ ಕೋಣೆ ಖಾಲಿ ಎಂದು ಯಂತ್ರದ ಲೆಕ್ಕ.

ಕೊನೆಯ ಓವರು. ಬೇಕಾದದ್ದು ಹದಿನಾರು ರನ್. ಹಾರ್ದಿಕ್ ಓಡಿ ಬಂದ, ಮಿಲ್ಲರ್ ಬ್ಯಾಟು ಎತ್ತಿದ, ಟೀವಿ ಆರಿತು.

ಎಲ್ಲರೂ ಧಡಕ್ಕನೆ ಎದ್ದೆವು. ಅಷ್ಟೂ ಜನ ಎಲ್ಲಿಂದಲೋ ಪ್ರತ್ಯಕ್ಷವಾದದ್ದು ಕಂಡು ಸೆನ್ಸರ್ ಟೀವಿ ಹತ್ತಿಸಿತು. ಅಷ್ಟರಲ್ಲಿ ನಾದಿನಿ ಅಡುಗೆಮನೆಗೆ ಓಡಿ, ಮೆಂತ್ಯ ಚೆಲ್ಲುತ್ತಾ ಬಂದು ರಿಮೋಟ್ ಒತ್ತಿದಳು, ಆರಿತು. ಷಡ್ಡಕ ಮೊಬೈಲಿನಿಂದ ಹತ್ತಿಸಿದ, ಅವನ ಮಗ ಹೋಗಿ ಟೀವಿಯ ತಳದ ಗುಂಡಿ ಒತ್ತಿದ, ಆರಿತು. "ಯಾರೂ ಏನೂ ಮುಟ್ಟಬೇಡಿ!" ಎಂದು ಷಡ್ಡಕ ಕೂಗುವ ಹೊತ್ತಿಗೆ ಬೀದಿಯ ಮನೆಮನೆಯಿಂದ ಹೋ ಎಂಬ ಗದ್ದಲ ಎದ್ದಿತು. ಸ್ಮಾರ್ಟ್ ಟೀವಿ ತನ್ನ ಕಂಪನಿಯ ಲಾಂಛನವನ್ನು ನಿಧಾನಕ್ಕೆ ಅರಳಿಸಿ ತೋರಿಸುತ್ತಿತ್ತು. ಸೂರ್ಯಕುಮಾರ್ ಬೌಂಡರಿ ಹಗ್ಗದ ಬಳಿ ಚೆಂಡು ಹಿಡಿದು, ಮೇಲೆಸೆದು, ಗೆರೆಯಾಚೆ ಹೋಗಿ, ಮತ್ತೆ ಒಳಬಂದು ಹಿಡಿದ ಆ ಕ್ಯಾಚನ್ನು ನಾನು ರೀಪ್ಲೇಯಲ್ಲಿ ಬೇಕಾದಷ್ಟು ಸಲ ನೋಡಿದ್ದೇನೆ. ಲೈವ್ ನೋಡಿದೆ ಎಂದು ವಾಕಿಂಗ್ ಗೆಳೆಯರ ಮುಂದೆ ಹೇಳಿಕೊಂಡೂ ಇದ್ದೇನೆ.

ಷಡ್ಡಕ ನಾಚಲಿಲ್ಲ. ಈ ತಳಿಗೆ ನಾಚಿಕೆಯ ಜಾಗದಲ್ಲಿ ಇತಿಹಾಸವಿರುತ್ತದೆ. 1955ರಲ್ಲಿ ಅಮೆರಿಕದ ಜೆನಿತ್ ಕಂಪನಿಯ ಯೂಜಿನ್ ಪೊಲ್ಲಿ ಟೀವಿಗೆ ಮೊದಲ ನಿಸ್ತಂತು ರಿಮೋಟ್ ಮಾಡಿದನಂತೆ. ಬಂದೂಕಿನ ಆಕಾರದ ಟಾರ್ಚು. ಪರದೆಯ ನಾಲ್ಕು ಮೂಲೆಗಳಿಗೆ ಬೆಳಕು ಬಿಟ್ಟರೆ ಒಂದೊಂದು ಮೂಲೆಗೆ ಒಂದೊಂದು ಕೆಲಸ. ಕಿಟಕಿಯಿಂದ ಬಿಸಿಲು ಬಿದ್ದರೆ ಚಾನೆಲ್ ತಾನಾಗಿ ಬದಲಾಗುತ್ತಿತ್ತು. ಮರುವರ್ಷ ಅದೇ ಕಂಪನಿಯ ರಾಬರ್ಟ್ ಆಡ್ಲರ್ ಬೆಳಕು ಬಿಟ್ಟು ಶಬ್ದ ಹಿಡಿದ. ಒಳಗೆ ಅಲ್ಯೂಮಿನಿಯಂ ಕಡ್ಡಿ, ಅದನ್ನು ಬಡಿಯುವ ಪುಟ್ಟ ಸುತ್ತಿಗೆ, ಬ್ಯಾಟರಿಯೇ ಬೇಡ. ಬೀಗದ ಕೈ ಗೊಂಚಲು ಝಣ್ ಎಂದರೂ ಟೀವಿ ಆಜ್ಞೆ ಎಂದುಕೊಳ್ಳುತ್ತಿತ್ತು. "ಅವರಿಗೇ ಹಾಗಾಗಿತ್ತು ಭಾವ" ಎಂದು ಷಡ್ಡಕ ಸಮಾಧಾನ ಹೇಳಿದ, ಕಪ್ ಕಳೆದುಕೊಂಡವನು ನಾನೇ ಎಂಬಂತೆ.

ಅವನನ್ನು ಪೂರ್ತಿ ಬೈಯಲು ಬಾಯಿ ಬರುವುದಿಲ್ಲ. ನಮ್ಮ ಬೀದಿಗೆ ಕಾವೇರಿ ನೀರು ಬರುವುದು ನಡುರಾತ್ರಿ. ಸಂಪು ತುಂಬಿದ್ದು ತಿಳಿಯಲೆಂದು ಟಾರ್ಚು ಹಿಡಿದು ಬಗ್ಗಿ ಬಗ್ಗಿ ನನ್ನ ಸೊಂಟ ಹೋಗಿತ್ತು. ಒಂದು ಭಾನುವಾರ ಬಂದು ಸಂಪಿನೊಳಗೆ ಇಳಿದು ಅದೇನೋ ಕಟ್ಟಿಹೋದ. ಆಮೇಲೆ ಮೋಟಾರು ತಾನೇ ಹೊರಡುತ್ತದೆ, ತಾನೇ ನಿಲ್ಲುತ್ತದೆ. ಒಂದು ಕಾಸು ಮುಟ್ಟಲಿಲ್ಲ. ಅದರ ತಂತ್ರವನ್ನು ಪಕ್ಕದ ಮನೆಯವರಿಗೆ ನಾನೇ ಕಂಡುಹಿಡಿದವನ ಹಾಗೆ ವಿವರಿಸುತ್ತಿರುತ್ತೇನೆ.

ಅವನ ಉತ್ಸಾಹ ಬಳ್ಳಾರಿಗೂ ಹೋಗಿ ಬಂತು. ಅಲ್ಲಿ ನನ್ನ ಭಾವಮೈದುನನ ಮನೆಗೆ ಏಪ್ರಿಲ್‌ನಲ್ಲಿ ಇದೇ ಸೆನ್ಸರ್ ಹಾಕಿದ. ಗೋಡೆಯೂ ಮೈಯಷ್ಟೇ ಬಿಸಿಯಾಗುವ ಊರು. ಶಾಖದ ವ್ಯತ್ಯಾಸವನ್ನೇ ನಂಬಿದ ಸೆನ್ಸರಿಗೆ ಗೋಡೆ ಯಾವುದು, ಭಾವಮೈದುನ ಯಾವುದು ತಿಳಿಯಲಿಲ್ಲ.

ಬೆಂಗಳೂರಿನ ಮನೆಯಲ್ಲಿ ಇದರ ಜೊತೆ ನಿಜವಾಗಿ ಬಾಳಿದವರು ನಮ್ಮ ಅತ್ತೆಯವರು. ಎಂಬತ್ತು ದಾಟಿದೆ. ಸಂಜೆ ಧಾರಾವಾಹಿಗೆ ಕೂತರೆ ಕೈ ಮಡಿಲಲ್ಲಿ, ಕಣ್ಣು ಪರದೆಯಲ್ಲಿ, ಒಂದಿಷ್ಟೂ ಅಲುಗುವುದಿಲ್ಲ. ಸೊಸೆ ಗುಟ್ಟು ಬಾಯಿಬಿಡುವ ಹೊತ್ತಿಗೆ ಟೀವಿ ಆರುತ್ತದೆ. ಅವರು ರೇಗುವುದಿಲ್ಲ. ಬಳೆ ಸದ್ದಾಗುವಂತೆ ಕೈ ಎತ್ತಿ ಬೀಸಿ, "ಇದ್ದೀನಪ್ಪಾ, ಇದ್ದೀನಿ" ಅನ್ನುತ್ತಾರೆ. ಟೀವಿ ಹತ್ತುತ್ತದೆ. ಧಾರಾವಾಹಿ ಮುಗಿಯುವುದರೊಳಗೆ ಮತ್ತೆ ಮತ್ತೆ ಹೀಗೆ ಹಾಜರಿ ಹೇಳಬೇಕು. ಬಹಳ ಹೊತ್ತು ಸುಮ್ಮನೆ ಕೂತವರನ್ನು ಇಲ್ಲವೆಂದೇ ಲೆಕ್ಕ ಹಾಕುವುದು ಆ ಗುಮ್ಮಟ ಒಂದೇ ಅಲ್ಲ. ಮಾತಿನ ನಡುವೆ ನಾವೂ ಎಷ್ಟೋ ಸಂಜೆ ಹಾಗೆ ಮಾಡಿದ್ದಿದೆ. ನನ್ನ ದೂರುಗಳಿಗೆಲ್ಲ ಇತಿಹಾಸ ಬಿಚ್ಚುತ್ತಿದ್ದ ಷಡ್ಡಕ ಒಂದು ಸಂಜೆ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡ. ಏನೂ ಹೇಳಲಿಲ್ಲ. ಆ ವಾರವೇ ಗುಮ್ಮಟ ಕಿತ್ತ.

ಈಗ ಬಂದಿರುವುದು 24 ಗಿಗಾಹರ್ಟ್ಸ್‌ನ ರೇಡಾರ್. ಬೆರಳುದ್ದದ ಹಸಿರು ಪಟ್ಟಿ. ಉಸಿರಾಟಕ್ಕೆ ಎದೆ ಏರಿಳಿದರೂ ಸಾಕು, ಇದಕ್ಕೆ ತಿಳಿಯುತ್ತದೆ. ಅತ್ತೆಯವರು ನೆಮ್ಮದಿಯಾಗಿ ಕೂರುತ್ತಾರೆ; ಅಭ್ಯಾಸಬಲದಿಂದ ಆಗೀಗ ಕೈ ಬೀಸುತ್ತಾರೆ, ಅಷ್ಟೆ. ಆದರೆ ಹೊಸ ಯಂತ್ರ ತಿರುಗುವ ಫ್ಯಾನನ್ನೂ ಮನೆಮಂದಿಯಲ್ಲಿ ಸೇರಿಸಿಕೊಂಡಿದೆ. ಮೊನ್ನೆ ನಾವೆಲ್ಲ ಊಟಕ್ಕೆದ್ದರೂ ಟೀವಿ ಆ ಫ್ಯಾನಿಗೆ ಚಿನ್ನದ ಸಾಲದ ಜಾಹೀರಾತು ತೋರಿಸುತ್ತಲೇ ಇತ್ತು. ನಾದಿನಿ ಅನ್ನದ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು, ಮೊದಲು ಫ್ಯಾನು ನಿಲ್ಲಿಸಿದಳು, ಡಬ್ಬಿಯ ರಿಮೋಟ್ ತಂದು ಟೀವಿ ಆರಿಸಿದಳು, ತಿರುಗಿ ಹೊರಟಳು. ರೇಡಾರಿಗೆ ಅವಳು ಕಂಡಳು. ಟೀವಿ ಹತ್ತಿತು.

"ನೋಡಿದ್ರಾ ಭಾವ," ಎಂದ ಷಡ್ಡಕ, ತುತ್ತು ಕೈಯಲ್ಲೇ ಹಿಡಿದುಕೊಂಡು, "ಎಷ್ಟು ಬೇಗ ಹಿಡೀತು!"