ಪ್ರಾಕ್ಟಿಕಲ್ ಅಣ್ಣ

ಹೊರದೇಶದ ಯಾವ ವಿಶ್ವವಿದ್ಯಾಲಯದ ಊರಿಗೇ ಹೋಗಿ, ಅಲ್ಲೊಬ್ಬ ಪ್ರಾಕ್ಟಿಕಲ್ ಅಣ್ಣ ಇದ್ದೇ ಇರುತ್ತಾನೆ. ನಿಮಗಿಂತ ಒಂದೇ ಒಂದು ವರ್ಷ ಮೊದಲು ಬಂದಿಳಿದಿರುತ್ತಾನೆ. ಆ ಒಂದು ವರ್ಷದ ಹಿರಿತನವನ್ನು ಅವನು ಹೊತ್ತುಕೊಳ್ಳುವ ಗಾಂಭೀರ್ಯ ಪೀಠಕ್ಕೆ ಬಂದ ಹೊಸ ಸ್ವಾಮಿಗಳಿಗೂ ಇರುವುದಿಲ್ಲ. ಅವನು ಹೇಳಿಕೊಡುವುದು ಇಂಗ್ಲಿಷ್. ಅದೂ ಪುಸ್ತಕದ್ದಲ್ಲ, ‘ಪ್ರಾಕ್ಟಿಕಲ್’ ಇಂಗ್ಲಿಷ್.

ನನ್ನ ಪಾಲಿಗೆ ಬಂದವನು ಭದ್ರಾವತಿಯವನು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಊರಲ್ಲಿ ಹುಟ್ಟಿ, 1913ರಲ್ಲೇ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿ ತೋರಿಸಿದ ಶೆಫೀಲ್ಡಿಗೆ ಲೋಹಶಾಸ್ತ್ರ ಓದಲು ಬಂದಿದ್ದ. ನಮ್ಮವರು ಹತ್ತು ವರ್ಷ ಹಿಂದೆ ಬಿದ್ದದ್ದಕ್ಕೆ ಪ್ರಾಕ್ಟಿಕಲ್ ಇಂಗ್ಲಿಷ್ ಬಾರದ್ದೇ ಕಾರಣ ಎಂಬುದು ಅವನ ಸಂಶೋಧನೆ.

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯೆಂದರೆ ಅವನಿಗೆ ತಾತ್ಸಾರ. ನಾನು ಬಂದ ಹೊಸದರಲ್ಲಿ 7 ಬ್ಯಾಂಡ್ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದೆ. ‘ಲೇ, ಅಲ್ಲಿ ಪರೀಕ್ಷಕ ಸಂಬಳ ತಗೊಂಡು ಹದಿನಾಲ್ಕು ನಿಮಿಷ ನಿನ್ನ ಮಾತು ಕೇಳ್ತಾನೆ. ಯೋಚನೆ ಮಾಡ್ಕೋ ಅಂತ ಒಂದು ನಿಮಿಷ ಬೇರೆ ಕೊಡ್ತಾನೆ. ಇಲ್ಲಿ ಬಸ್ ಡ್ರೈವರ್ ಕೊಡ್ತಾನಾ?’ ಅಂದ. ಕೊಡುವುದಿಲ್ಲ, ನಿಜ. ಅದೇ ಬೇಜಾರು, ಅವನು ಹೇಳುವುದು ಮುಕ್ಕಾಲು ಪಾಲು ನಿಜವೇ ಆಗಿರುತ್ತಿತ್ತು.

ನಾವಿದ್ದ ಬಾಡಿಗೆ ಮನೆಯ ಅಡುಗೆಕೋಣೆಯ ಕಿಟಕಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟಿದ್ದ, ದಂಡದ ಡಬ್ಬಿ. ‘ಆಕ್ಚುಲಿ’ ಅಂದರೆ 10 ಪೆನ್ಸ್. ‘ಇಲ್ಲೇ’ ಎನ್ನಲು ‘ಹಿಯರ್ ಇಟ್‌ಸೆಲ್ಫ್’ ಅಂದರೆ 10 ಪೆನ್ಸ್. ‘ಆಲ್‌ರೈಟಾ?’ ಎಂದು ಕೇಳಿದ ಅಂಗಡಿಯವನಿಗೆ ನಿಜವಾಗಿಯೂ ನೆಗಡಿಯ ಸಮಾಚಾರ ಹೇಳಿದರೆ 50. ಯಾವ ಪ್ರಶ್ನೆಗೂ ಮೂರು ಮಾತಿಗಿಂತ ಹೆಚ್ಚು ಉತ್ತರ ಕೊಡಕೂಡದು ಎಂಬುದು ಮೂಲ ಕಾನೂನು. ಡಬ್ಬಿ ತುಂಬಿದಾಗ ಕರಿಬೇವು ತರುತ್ತಿದ್ದ. ಆ ವರ್ಷ ನಮ್ಮ ಮನೆಯ ಒಗ್ಗರಣೆಯೆಲ್ಲ ನನ್ನ ದುಡ್ಡಿನದೇ.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಫೋನ್ ಅಭ್ಯಾಸ. ಎದುರುಬದುರು ಮಾತಾಡುವಾಗ ಕೈ, ಕಣ್ಣು, ಹಲ್ಲು ಎಲ್ಲವೂ ಸಹಾಯಕ್ಕೆ ಬರುತ್ತವೆ, ಫೋನಿನಲ್ಲಿ ನಾಲಿಗೆಯೊಂದೇ, ಆದ್ದರಿಂದ ಫೋನೇ ಗರಡಿಮನೆ ಎಂಬುದು ಸಿದ್ಧಾಂತ. ಡಾಕ್ಟರ ಬಳಿ ಹೆಸರು ನೋಂದಾಯಿಸಲು ಆನ್‌ಲೈನ್ ಅರ್ಜಿ ಇದ್ದರೂ, ಅದು ಹೇಡಿಗಳಿಗೆ ಎಂದು ನನ್ನ ಕೈಗೆ ಫೋನ್ ಕೊಟ್ಟು, ಸ್ಪೀಕರ್ ಹಾಕಿ, ಸೌಟು ಹಿಡಿದು ಪಕ್ಕದಲ್ಲಿ ನಿಂತ.

ಆ ಕಡೆಯಿಂದ ಒಬ್ಬ ಹೆಂಗಸು. ಅಡ್ಡಹೆಸರು ಕೇಳಿದರು. ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲದ್ದರಿಂದ ಪಾಸ್‌ಪೋರ್ಟಿನ ಆ ಖಾನೆಯಲ್ಲಿ ಅಪ್ಪನ ಹೆಸರೇ ಹೋಗಿ ಕೂತಿದೆ: ಬಸವರಾಜಪ್ಪ. ‘ಅಕ್ಷರ ಬಿಡಿಸಿ ಹೇಳ್ತೀರಾ, ಲವ್?’ ಅಂದರು. ನಾನು ಬಿ ಫಾರ್ ಬೆಂಗಳೂರ್ ಎಂದು ಬಾಯಿ ತೆರೆಯುವಷ್ಟರಲ್ಲಿ ಸೌಟು ಫ್ರಿಜ್ಜಿನ ಕಡೆ ತೋರಿಸಿತು. ಅಲ್ಲಿ ವಿಮಾನದವರು ಹೇಳುವ ಅಕ್ಷರಮಾಲೆ ಅಂಟಿಸಿದ್ದ. ಓದತೊಡಗಿದೆ: ಬ್ರಾವೊ, ಆಲ್ಫಾ, ಸಿಯೆರಾ, ಆಲ್ಫಾ, ವಿಕ್ಟರ್, ಆಲ್ಫಾ… ಅಪ್ಪನ ಹೆಸರಿನಲ್ಲಿ ಆರು ಆಲ್ಫಾ ಇವೆಯೆಂದು ಅಪ್ಪನಿಗೂ ಗೊತ್ತಿರಲಾರದು. ‘ರೋಮಿಯೋ, ಆಲ್ಫಾ, ಜೂಲಿಯೆಟ್, ಆಲ್ಫಾ, ಪಾಪಾ, ಪಾಪಾ’ ಎಂದಾಗ ಆ ಕಡೆ ನಗು. ‘ಪಾಪ, ಇಬ್ಬರ ಅಪ್ಪಂದಿರೂ ಬಂದುಬಿಟ್ಟರಲ್ಲ!’ ಎಂದರು. ನನಗೂ ನಗು ತಡೆಯಲಿಲ್ಲ.

ಗುರುವಿಗೆ ಇದು ಹಿಡಿಸಲಿಲ್ಲ. ಫೋನ್ ಕಿತ್ತುಕೊಂಡು ಅಚ್ಚ ಯಾರ್ಕ್‌ಷೈರ್ ಧಾಟಿಯಲ್ಲಿ ಏನೋ ಒದರಿದ. ಆಕೆ ಒಂದು ಕ್ಷಣ ಸುಮ್ಮನಿದ್ದು, ‘ಮೊದಲು ಮಾತಾಡುತ್ತಿದ್ದವರಿಗೇ ಕೊಡಿ, ಲವ್’ ಅಂದರು. ಫೋನ್ ಇಟ್ಟ ಮೇಲೆ ಅಣ್ಣ ಹೇಳಿದ್ದು ಇಷ್ಟೇ: ‘ಲವ್ ಅಂದ್ಲು ಅಂತ ಹಿಗ್ಗಬೇಡ. ಇಲ್ಲಿ ಬಸ್ ಡ್ರೈವರೂ ಅಂತಾನೆ.’

ಅವನ ಈ ಧಾಟಿ ಬಂದದ್ದು ತರಗತಿಯಿಂದಲ್ಲ. ವಿದ್ಯಾರ್ಥಿ ವೀಸಾದಲ್ಲಿ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ಆ ಇಪ್ಪತ್ತನ್ನೂ ಅವನು ಒಂದು ಗೋದಾಮಿನಲ್ಲಿ ಡಬ್ಬ ಕಟ್ಟಿ ಕಳೆಯುತ್ತಿದ್ದ. ಜೊತೆಯಲ್ಲಿ ಪೋಲೆಂಡಿನವರು, ಸುಡಾನಿನವರು, ನಿವೃತ್ತಿಯ ಅಂಚಿನ ಒಬ್ಬ ಶೆಫೀಲ್ಡಿನ ಮುದುಕ. ಆ ಮುದುಕ ‘ಟೀಗೆ ಬಾ’ ಎಂದು ಕರೆದನೆಂದು ಹೊಟ್ಟೆ ತುಂಬ ಉಂಡು ಹೋಗಿದ್ದನಂತೆ. ಅಲ್ಲಿ ನೋಡಿದರೆ ಆಲೂಗಡ್ಡೆ, ಬಟಾಣಿ, ಕಡುಬು, ಪೂರಾ ರಾತ್ರಿಯೂಟ. ಎರಡನೇ ಊಟವನ್ನೂ ಮಾಡಿ ಬಂದ. ಹೀಗೆ ಕಲಿತದ್ದನ್ನು ನಮಗೆ ದಂಡ ಹಾಕಿ ಕಲಿಸುತ್ತಿದ್ದ.

ಅವನ ಮೊದಲ ಚಳಿಗಾಲದಲ್ಲಿ ಆ ಮನೆಯಲ್ಲಿ ಕನ್ನಡದವರು ಯಾರೂ ಇರಲಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೆ ಮೊದಲೇ ಹೊತ್ತು ಮುಳುಗುತ್ತದೆ. ಆಗೆಲ್ಲ ರೈಲು ವಿಚಾರಣೆಗೆ ಫೋನ್ ಮಾಡಿ, ತಾನು ಹತ್ತದ ಮ್ಯಾಂಚೆಸ್ಟರ್ ರೈಲಿನ ಹೊತ್ತು ಕೇಳುತ್ತಿದ್ದೆ ಎಂದು ಒಮ್ಮೆ ಪಾತ್ರೆ ತೊಳೆಯುತ್ತ ಹೇಳಿದ. ಅಭ್ಯಾಸಕ್ಕೆ ಅಂದ. ಭಾನುವಾರ ಭದ್ರಾವತಿಯಿಂದ ಅವರಮ್ಮನ ಫೋನ್ ಬಂದರೆ ಅಲ್ಲೂ ಅವನದು ಮೂರೇ ಮಾತು: ‘ಹ್ಞೂಂ ಅಮ್ಮಾ. ಆರಾಮಿದೀನಿ. ಊಟ ಆಯ್ತು.’ ಆಯಮ್ಮ ಮಾತ್ರ ಮುಕ್ಕಾಲು ಗಂಟೆ ಮಾತಾಡುತ್ತಿದ್ದರು. ಇವನು ಫೋನ್ ಇಡುತ್ತಿರಲಿಲ್ಲ.

ಮನೆ ಬಿಡುವ ದಿನ ಏಜೆಂಟ್ ಬಂದ. ಒಲೆಯ ಸುತ್ತ ಒಗ್ಗರಣೆ ಜಿಡ್ಡು ತೋರಿಸಿ, ಡೆಪಾಸಿಟ್ಟಿನಲ್ಲಿ ಅರ್ಧ ಮುರಿದುಕೊಳ್ಳುತ್ತೇನೆ ಅಂದ. ನಮ್ಮ ಅಣ್ಣ ‘ಸರ್, ಆಕ್ಚುಲಿ…’ ಎಂದು ಶುರು ಮಾಡಿದ. ಮೂರು ಮಾತಿನ ಕಾನೂನು ಎಲ್ಲಿ ಹೋಯಿತೋ! ಇಂಗ್ಲೆಂಡಿನಲ್ಲಿ 2007ರಿಂದ ಮುಂಗಡವನ್ನು ಸರ್ಕಾರ ಒಪ್ಪಿದ ಯೋಜನೆಯಲ್ಲೇ ಇಡಬೇಕು, ಅದೂ 30 ದಿನದೊಳಗೆ, ನೀವು ಇಟ್ಟ ಕಾಗದ ತೋರಿಸಿ. 2019ರಿಂದ ಐದು ವಾರದ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ, ನೀವು ಎಷ್ಟು ಪಡೆದಿರಿ? ಭದ್ರಾವತಿಯ ಬಸ್‌ಸ್ಟ್ಯಾಂಡಿನಲ್ಲಿ ಚಿಲ್ಲರೆಗೆ ಜಗಳಾಡುವ ಅದೇ ಲಯ, ಅದೇ ‘ಓನ್ಲಿ’, ಅದೇ ‘ಇಟ್‌ಸೆಲ್ಫ್’, ಮೈಯೆಲ್ಲ ಮಾತು. ಏಜೆಂಟನಿಗೆ ಬಸ್ ತಪ್ಪಿತೋ ಉಸಿರು ತಪ್ಪಿತೋ, ಪೂರ್ತಿ ಹಣ ವಾಪಸ್ ಬರುತ್ತದೆಂದು ಸಹಿ ಹಾಕಿ ಹೋದ.

ನಾನು ಡಬ್ಬಿ ತಂದು ಮುಂದೆ ಹಿಡಿದೆ. ‘ಆಕ್ಚುಲಿ’ಗಳ ಬಾಬ್ತೇ ಎರಡು ಪೌಂಡ್ ದಾಟಿತ್ತು.

‘ಲೇ, ಈಗ ಆಡಿದ್ದು ಪ್ರಾಕ್ಟಿಕಲ್ ಇಂಗ್ಲಿಷ್ ಅಲ್ಲ, ಲೀಗಲ್ ಇಂಗ್ಲಿಷ್. ಅದಕ್ಕೆ ದಂಡ ಇಲ್ಲ’ ಅಂದವನೇ, ಡಬ್ಬಿಯನ್ನೂ ತನ್ನ ಸೂಟ್‌ಕೇಸಿಗೆ ಹಾಕಿಕೊಂಡ.