ಹಳೇಮಿಡಿಯ ಡೊಂಬಿವಲಿ ಪೂರ್ವಮೀಮಾಂಸೆ

ಫ್ಲಾಟಿನ ಸಾಲದ ಕೊನೆಯ ಕಂತು ಕಟ್ಟಿದ ಮೇಲೆ ಸತ್ಯನಾರಾಯಣ ಕತೆ ಮಾಡಿಸಿ ಸ್ನೇಹಿತರಿಗೆ ಊಟ ಹಾಕುವುದು ಡೊಂಬಿವಲಿ ಪೂರ್ವದ ಶಿಷ್ಟಾಚಾರ. ಇಂಥ ಊಟದಲ್ಲಿ ಹಳೇ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಹೇಗೆ ನೋಡಬೇಕು, ಹೇಗೆ ಮೂಸಬೇಕು, ಹೇಗೆ ಕಚ್ಚಬೇಕು, ಅದಕ್ಕಿಂತ ಹೆಚ್ಚಾಗಿ, ಕಚ್ಚಿದ ಮೇಲೆ ಮುಖ ಹೇಗಿಟ್ಟುಕೊಳ್ಳಬೇಕು ಎಂಬ ಬಗ್ಗೆ ಶಾಸ್ತ್ರಗ್ರಂಥವಿಲ್ಲ. ಆ ಕೊರತೆ ನೀಗಲೆಂದು ಈ ಅಲ್ಪ ಯತ್ನ. ಅಂಥದೊಂದು ಊಟಕ್ಕೆ ಠಾಣೆ, ಕಲ್ಯಾಣ, ನವಿಮುಂಬಯಿಗಳಿಂದ ಬಂದ ವಿದ್ವಾಂಸರು ತಂತಮ್ಮ ಬಾಟಲಿಗಳನ್ನು ಹಳೇ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಎರಡೆರಡು ಗಂಟು ಹಾಕಿ, ಲೋಕಲ್ಲಿನ ನೂಕಾಟದಲ್ಲೂ ಎದೆಗವಚಿಕೊಂಡು ತಂದಿದ್ದರು.

ಪೂರ್ವಪಕ್ಷ ಹೂಡಿದವನು ಐರೋಲಿಯ ಐಟಿ ಕಚೇರಿಯಲ್ಲಿ ದುಡಿಯುವ ಯಜಮಾನರ ಮಗ. ಅವನ ವಾದ ಹೀಗೆ: ಕಲ್ಯಾಣ ಜಂಕ್ಷನ್ನಿನಲ್ಲಿ ಹಳಿ ಕವಲೊಡೆಯುತ್ತದೆ, ಒಂದು ಕರ್ಜತ್ ಮೇಲೆ ಪುಣೆಗೆ, ಇನ್ನೊಂದು ಕಸಾರಾ ಘಾಟಿ ಹತ್ತಿ ನಾಸಿಕಕ್ಕೆ. ನಾಸಿಕವೋ ದ್ರಾಕ್ಷಿತೋಟಗಳ ಸೀಮೆ. ವೈನ್ ಬಾಗಿಲಲ್ಲೇ ಇರುವಾಗ ಘಟ್ಟದಾಚೆಯ ಮಾವಿನಮಿಡಿಗೆ ಏಕೆ ಈ ಪಾಟಿ ಗೌರವ? ಸಿದ್ಧಾಂತಿಗಳು ಕೊಟ್ಟ ಉತ್ತರ ಎರಡು. ನಾಸಿಕದ ವೈನು ಬಹುಪಾಲು ಎಳೆಯದಾಗಿರುವಾಗಲೇ ಕುಡಿಯಲೆಂದು ಮಾಡಿದ್ದು. ವರ್ಷಗಟ್ಟಲೆ ಕಾದು ಮಾಗುವ ವಸ್ತು ಈ ಸೊಸೈಟಿಯಲ್ಲಿ ಮಿಡಿಯೊಂದೇ (ಲಿಫ್ಟು ರಿಪೇರಿಯ ಅರ್ಜಿಯನ್ನು ಬಿಟ್ಟರೆ). ಎರಡನೆಯದು, ದೇವರ ಪ್ರಸಾದ ತಿಂದ ದಿನ ಆ ಮಾತು ಎತ್ತಬಾರದು. ಪೂರ್ವಪಕ್ಷ ಬಿದ್ದದ್ದು ಎರಡನೆಯ ಉತ್ತರಕ್ಕೆ, ಅದೂ ಅಡುಗೆಮನೆಯಿಂದ ಬಂದದ್ದರಿಂದ.

ಇನ್ನು ನೆಲದ ಗುಣ. ಫ್ರೆಂಚರು ಬೋರ್ದೊ ಸೀಮೆಯ ತೋಟಗಳಿಗೆ 1855ರಲ್ಲಿ ದರ್ಜೆ ಕಟ್ಟಿ ಕೂತರು. ನಮ್ಮಲ್ಲಿ ದರ್ಜೆ ಕಟ್ಟುವುದು ಹೊಳೆಗಳು: ಅಘನಾಶಿನಿ, ಶರಾವತಿ, ವರದಾ, ಕಾಳಿ. ದಂಡೆಯ ಒಂದೊಂದು ಮರಕ್ಕೂ ಒಂದೊಂದು ಹೆಸರು: ಅನಂತಭಟ್ಟನ ಅಪ್ಪೆ, ಮಾಲಂಜಿ ಅಪ್ಪೆ, ಜೀರಿಗೆ ಮಿಡಿ. ಈ ಅನಂತಭಟ್ಟ ಯಾರೆಂದು ಸಭೆಯಲ್ಲಿ ಕೇಳಿದವನಿಗೆ ಮೂವರು ಮೂರು ವಂಶಾವಳಿ ಹೇಳಿದರು. ಮೂರರಲ್ಲೂ ಆತ ಹೇಳಿದವರಿಗೆ ದೂರದ ಸಂಬಂಧಿ. ವೈನ್ ಪಂಡಿತರು ಫಿಲಾಕ್ಸೆರಾ ಎಂಬ ಹೇನು ಯುರೋಪಿನ ಬಳ್ಳಿಗಳನ್ನು ತಿಂದುಹಾಕುವ ಮುಂಚಿನ ಬಾಟಲಿಗಳ ಹೆಸರೆತ್ತಿದರೆ ದನಿ ತಗ್ಗಿಸುತ್ತಾರೆ. ನಮ್ಮಲ್ಲಿ ಅದಕ್ಕೆ ಸಮನಾದದ್ದು 1964ರ ಲಿಂಗನಮಕ್ಕಿ. ಅಣೆಕಟ್ಟಿನ ಹಿನ್ನೀರಲ್ಲಿ ಊರಿಗೆ ಊರೇ ಮುಳುಗಿದಾಗ ಮಿಡಿಯ ಮರಗಳೂ ಮುಳುಗಿದವು. ಕಲ್ಯಾಣದ ವಿದ್ವಾಂಸರು ತಮ್ಮ ಬಾಟಲಿಯನ್ನು ‘ಮುಳುಗಡೆಗೆ ಮುಂಚಿನದು’ ಎಂದುಬಿಟ್ಟರು. ಸಭೆ ಒಂದು ನಿಮಿಷ ಮೌನವಾಯಿತು. ಮಿಡಿಯೋ, ಮರವೋ, ಅಥವಾ ಈ ಮಾತೋ ಎಂದು ಠಾಣೆಯವರು ಕೇಳಿದ ಮೇಲೆ, ಮರ ಎಂದು ತಿದ್ದುಪಡಿಯಾಯಿತು. ಮರ ಮುಳುಗಿದ್ದರೆ ಮಿಡಿ ಎಲ್ಲಿಂದ ಬಂತು ಎಂಬ ಉಪಪ್ರಶ್ನೆಯನ್ನು ಪಾಯಸ ಬಡಿಸಿ ಮುಂದೂಡಲಾಯಿತು.

ಕಾಲನಿರ್ಣಯ ಇನ್ನೂ ತೊಡಕು. 1985ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಥಾಮಸ್ ಜೆಫರ್ಸನ್ನರ ಮೊದಲಕ್ಷರ ಕೊರೆದಿದ್ದ 1787ರ ಲಾಫೀತ್ ಬಾಟಲಿ 1,05,000 ಪೌಂಡಿಗೆ ಹೋಯಿತು. ಅಂಥ ಬಾಟಲಿಗಳ ಸಾಚಾತನದ ತಕರಾರು ಆಮೇಲೆ ಕೋರ್ಟು ಹತ್ತಿತು. ನಮ್ಮೆದುರಿಗೆ ಇದ್ದದ್ದು ಗಾಜಿನ ಹಾರ್ಲಿಕ್ಸ್ ಬಾಟಲಿ. ಅದರ ಲೇಬಲ್ಲಿನಲ್ಲಿದ್ದ ಇಸವಿ ಹಾರ್ಲಿಕ್ಸಿನದು, ಮಿಡಿಯದ್ದಲ್ಲ ಎಂದು ನವಿಮುಂಬಯಿಯವರು ಶಾಸನತಜ್ಞರ ಗತ್ತಿನಲ್ಲಿ ಎತ್ತಿ ತೋರಿಸಿದರು. ಮಿಡಿಗೆ ಇಸವಿ ಇರುವುದಿಲ್ಲ; ‘ದೊಡ್ಡ ಮಗಳ ಬಾಣಂತನದ ವರ್ಷದ್ದು’, ‘ಅಡಿಕೆ ದರ ಬಿದ್ದ ವರ್ಷದ್ದು’ ಎಂದಿರುತ್ತದೆ. ಅಡಿಕೆ ದರ ಪದೇಪದೇ ಬೀಳುವುದರಿಂದ ಎರಡನೆಯ ಪ್ರಮಾಣ ದುರ್ಬಲ.

ಮಾಡುವ ವಿಧಾನವನ್ನು ಇಲ್ಲಿ ತುಸು ಹೇಳಲೇಬೇಕು, ಏಕೆಂದರೆ ಹಾಸ್ಯವೆಲ್ಲ ಇದರ ಮುಂದೆ ಸಣ್ಣದು. ಮಿಡಿ ನೆಲಕ್ಕೆ ಬಿದ್ದರೆ ಏಟು ತಿಂದು ಕೊಳೆಯುತ್ತದೆ. ಮರ ಹತ್ತಿ ಕೊಯ್ದು ಬುಟ್ಟಿಯಲ್ಲಿ ಇಳಿಸಬೇಕು. ತೊಟ್ಟು ಉಳಿಸಿಕೊಂಡೇ ಕೊಯ್ಯಬೇಕು, ಇಲ್ಲವಾದರೆ ಸೊನೆ ಸೋರಿ ಪರಿಮಳ ಹೋಗುತ್ತದೆ. ಒರೆಸಿದ ಮಿಡಿಗೆ ಕಲ್ಲುಪ್ಪು ಪದರ ಪದರವಾಗಿ ಹಾಕಿ, ಅದು ನೀರು ಬಿಟ್ಟು ಮುರುಟುವವರೆಗೆ ಭರಣಿಯಲ್ಲಿಡಬೇಕು. ಆ ಉಪ್ಪುನೀರನ್ನು ಕುದಿಸಿ, ಆರಿಸಿ, ಸಾಸಿವೆ, ಒಣಮೆಣಸು, ಅರಿಶಿನ ಅದರಲ್ಲೇ ಬೀಸಬೇಕು. ಎಣ್ಣೆಯ ಮಾತೇ ಇಲ್ಲ. ಪಕ್ಕದ ಫ್ಲಾಟಿನ ಕಾಕೂ ತಮ್ಮ ಲೋಣಚೆಯ ಮೇಲೆ ಎರಡು ಬೆರಳು ಎಣ್ಣೆ ನಿಲ್ಲಿಸುವವರು. ಇದು ಎಣ್ಣೆಯಿಲ್ಲದೆ ಹೇಗೆ ಕೆಡದೆ ಉಳಿಯುತ್ತದೆಂದು ಪ್ರತಿ ಸಲವೂ ಕೇಳುತ್ತಾರೆ. ಉಪ್ಪು, ಹುಳಿ, ಸಾಸಿವೆ, ಒಣ ಕೈ ಎಂದು ಪ್ರತಿ ಸಲವೂ ಹೇಳಲಾಗುತ್ತದೆ. ಮುಚ್ಚಳ ತೆಗೆದಾಗ ಅವತ್ತೂ ಹಿರಿಯರೊಬ್ಬರು ಮಂತ್ರದಂತೆ, “ತಮಾ, ಚಮಚಕ್ಕೆ ನೀರು ಇದ್ದಾ ನೋಡು” ಅಂದರು.

ಆಸ್ವಾದ ಶುರುವಾಯಿತು. ಕ್ಯಾಲಿಫೋರ್ನಿಯಾದ ಆ್ಯನ್ ನೋಬಲ್ 1980ರ ದಶಕದಲ್ಲಿ ವೈನಿನ ವಾಸನೆಗಳಿಗೊಂದು ಚಕ್ರ ಬರೆದರು. ನಮ್ಮ ಚಕ್ರದಲ್ಲಿ ಜೀರಿಗೆ, ಕರ್ಪೂರ, ಅಟ್ಟದ ಹೊಗೆ, ಮಳೆಗಾಲದ ಗೋಣಿಚೀಲ, ಮತ್ತು ಠಾಣೆಯವರ ಹಟದ ಮೇರೆಗೆ, ಕುಮಟಾದಿಂದ ಮತ್ಸ್ಯಗಂಧಾ ರೈಲಿನಲ್ಲಿ ರಾತ್ರಿಯಿಡೀ ಕುಲುಕಿ ಬಂದದ್ದರ ಗುಣ. ಮಿಡಿ ಕಪ್ಪಗಾಗಿದ್ದರೂ ಹಲ್ಲಿಗೆ ‘ಕರುಂ’ ಎನ್ನಬೇಕು, ಮೆತ್ತಗಾದದ್ದು ಲೆಕ್ಕಕ್ಕಿಲ್ಲ. ಇಷ್ಟರಲ್ಲಿ ಮಾತ್ರ ಒಮ್ಮತ. 2001ರಲ್ಲಿ ಬೋರ್ದೊದ ಸಂಶೋಧಕ ಬ್ರೊಶೆ ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ 54 ವಿದ್ಯಾರ್ಥಿಗಳ ಮುಂದಿಟ್ಟಾಗ ಅವರು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿದರಂತೆ. ಆ ಪ್ರಯೋಗ ಇಲ್ಲೂ ಆಗಲಿ ಎಂದು ಮಗ ಸೂಚಿಸಿದ. ಕಣ್ಣು ಕಟ್ಟಿಸಿಕೊಳ್ಳಲು ಒಬ್ಬರೂ ಒಪ್ಪಲಿಲ್ಲ. ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಕನ್ನಡಕ, ಮೂರನೆಯವರಿಗೆ ತಮ್ಮ ಊರಿನ ಮಾನ.

ಕೊನೆಗೆ ಉಳಿದದ್ದು ಬಾಟಲಿ ತಳದ ರಸ. ಮೊಸರನ್ನಕ್ಕೆ ಅದರ ಮುಂದೆ ಮಿಡಿಯೂ ಸಪ್ಪೆ, ಹಾಗಾಗಿ ಮೂರೂ ಪಂಥಗಳು ಅದರ ಮೇಲೆ ಹಕ್ಕು ಸಾಧಿಸಿದವು. ಮುಳುಗಡೆಯವರು ತಮಗೆ ಪರಿಹಾರರೂಪದಲ್ಲಿ ಬರಬೇಕೆಂದರು. ಅಷ್ಟರಲ್ಲಿ ಕರ್ಜತ್ ಕಡೆಯ ಕೊನೆಯ ಲೋಕಲ್ಲಿನ ಹೊತ್ತಾಯಿತೆಂದು ಯಾರೋ ಎಚ್ಚರಿಸಿದರು. ಅವಸರದಲ್ಲಿ ಅಂಗೀಕೃತವಾದ ನಿರ್ಣಯ: ರಸ ಸಾಲ ತೀರಿಸಿದವರಿಗೆ, ಮುಂದಿನ ಅಧಿವೇಶನ ನೆರೂಳಿನಲ್ಲಿ, ಬಾಟಲಿಯನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಮುಚ್ಚಳ ಸಮೇತ ವಾಪಸು ಮಾಡತಕ್ಕದ್ದು, ಖಾಲಿ ಕೊಡತಕ್ಕದ್ದಲ್ಲ.