ಕೋಗಳಿ ಐನೂರು ಮತ್ತು ಓದಿನ ಹುರುಪು: ಒಂದು ಶಾಸನೋಕ್ತ ಜಿಜ್ಞಾಸೆ

ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000, ಕೋಗಳಿ 500. ಶಾಸನಗಳಲ್ಲಿ ನಾಡಿನ ಹೆಸರಿಗೆ ಅಂಟಿಕೊಂಡ ಈ ಅಂಕಿ ಹಳ್ಳಿಗಳ ಲೆಕ್ಕವೋ ಕಂದಾಯದ್ದೋ ಎಂದು ವಿದ್ವಾಂಸರು ತಲೆ ಕೆಡಿಸಿಕೊಂಡದ್ದೆಲ್ಲ ವ್ಯರ್ಥ. ಅವು ಫಾಲೋವರ್‌ಗಳ ಸಂಖ್ಯೆ. ಆಧಾರ: ಆ ಕೋಗಳಿಯ ಸೀಮೆ, ಅಂದರೆ ಈಗಿನ ಹಗರಿಬೊಮ್ಮನಹಳ್ಳಿ ಕಡೆಯ ನನ್ನ ಅಕ್ಕನ ಮಗ. ಬಿ.ಎ. ಮುಗಿಸಿ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾನೆಂಬ ಪ್ರತೀತಿಯುಳ್ಳ ಈತ ಇನ್‌ಸ್ಟಾಗ್ರಾಮಿನಲ್ಲಿ ಐನೂರಕ್ಕೇ ನಿಂತು ಸೀಮೆಯ ಪರಂಪರೆ ಕಾಯ್ದಿದ್ದಾನೆ.

ಪೂರ್ವಪಕ್ಷ: ಮೊಬೈಲು ಹುಡುಗರ ಓದಿನ ಹುರುಪನ್ನು ಕೊಂದಿದೆ. ಇದು ನಿಲ್ಲದು. ಹುರುಪು ಬೇಕಾದಷ್ಟಿದೆ. ಬೆಳಗಿನ ಐದಕ್ಕೆ ಎದ್ದು, ಪುಸ್ತಕ, ಚಹಾದ ಲೋಟ, ಹಳದಿ ಪೆನ್ನು ಜೋಡಿಸಿ, ಫೋಟೊ ಹಿಡಿದು, 'ಓದು ಶುರು' ಎಂದು ಸ್ಟೇಟಸ್ಸಿಗೆ ಏರಿಸುವಷ್ಟರಲ್ಲಿ ಅಂದಿನ ಹುರುಪು ಮುಗಿಯುತ್ತದೆ, ಅಷ್ಟೆ. ಅಲ್ಲಿಂದ ಮಧ್ಯಾಹ್ನದ ಒಗ್ಗರಣೆ-ಮಿರ್ಚಿಯವರೆಗೆ, ಹೇಗೆ ಓದಬೇಕೆಂದು ಹುರಿದುಂಬಿಸುವ ರೀಲ್ಸ್.

ಹಳಬರು ಮೊದಲು ದತ್ತಿ ಬಿಟ್ಟು ಆಮೇಲೆ ಕಲ್ಲು ಕೊರೆಸಿದರು. ಕಲ್ಲಿನ ಸ್ಟೇಟಸ್ಸು 24 ತಾಸಿಗೆ ಅಳಿಯದಲ್ಲ, ಆ ಅಂಜಿಕೆ ಇದ್ದಿರಬೇಕು. ಧರ್ಮ ಕೆಡಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗುವನೆಂಬ ಶಾಸನದ ಶಾಪ ಮಾತ್ರ, ಹತ್ತು ಮಂದಿಗೆ ಕಳಿಸದಿದ್ದರೆ ಕೇಡು ಎಂಬ ವಾಟ್ಸಾಪ್ ಸಂದೇಶವಾಗಿ ಮುಕ್ಕಾಗದೆ ಉಳಿದಿದೆ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರವನ್ನು ಇಲ್ಲಿ ಬಿಡುವಂತಿಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲೇರಿ 'ಸದ್ದಲೇ' ಎಂದರೆ ಸೇರಿದ ಜನವೆಲ್ಲ ಗಪ್‌ಚಿಪ್. ಒಂದೇ ಸಾಲಿನ ಭವಿಷ್ಯವಾಣಿ, ಅಂದರೆ ಕಾರಣಿಕ, ನುಡಿದು ಮೇಲಿನಿಂದ ಬಿದ್ದುಬಿಡುತ್ತಾನೆ. ವರ್ಷಕ್ಕೊಂದು ಪೋಸ್ಟು, ಮಳೆ-ಬೆಳೆ, ರಾಜಕೀಯ ಎಂದು ಅರ್ಥ ಹಚ್ಚುವ ಕಾಮೆಂಟು ವರ್ಷವಿಡೀ. ನಮ್ಮ ಅಕ್ಕನೂ ದಿನಾ ಹೊಸ್ತಿಲಲ್ಲಿ ನಿಂತು ಕಾರಣಿಕ ನುಡಿಯುತ್ತಾಳೆ: "ಫೋಟೊ ತಗದ್ರ ಪಾಸಾಗ್ತಾರೇನೋ?" ಕೇಳಬೇಕಾದ ಕಿವಿಯಲ್ಲಿ ಇಯರ್‌ಫೋನು.

ಇನ್ನು ಸಿದ್ಧಾಂತ. ದಿನದ ಒಂದೂವರೆ ಜಿಬಿ ರಾತ್ರಿ ಹತ್ತರ ಹೊತ್ತಿಗೆ ಖಾಲಿ. ಹೊಸದು ಬರುವುದು ಹನ್ನೆರಡಕ್ಕೆ. ಈ ನಡುವಿನ ಎರಡು ತಾಸೇ ಕೋಗಳಿ ನಾಡಿನ ಅಧ್ಯಯನ ಕಾಲ. ಪರೀಕ್ಷಿಸಲೆಂದು ಮೊನ್ನೆ ಅಕ್ಕನ ಮನೆಯಲ್ಲೇ ಉಳಿದೆ. ಹತ್ತೂ ಹತ್ತಕ್ಕೆ ಹುಡುಗ ನಿಜಕ್ಕೂ ಪುಸ್ತಕ ತೆರೆದ. ಪುಟ ತಿರುವಿದ ಸಪ್ಪಳವನ್ನು ಈ ಸಂಶೋಧಕ ಸ್ವತಃ ಕೇಳಿದ್ದಾನೆ. ಹತ್ತೂ ಇಪ್ಪತ್ತಕ್ಕೆ ತಲೆಯೆತ್ತಿದ.

"ಮಾವಾ, ಒಂದೀಟು ಹಾಟ್‌ಸ್ಪಾಟ್ ಹಚ್ಚು."

ಹಚ್ಚಿದೆ. ಅಕ್ಕನ ಮಗ ನೋಡ್ರಿ.